ತಂಗೀ, ಆ ಮೋಡದ ಫೋಟೊ ನೋಡಿದೆ

ತಂಗೀ, ನಿನ್ನ ಫೋಟೊವನ್ನೂ ಪ್ರಶ್ನೆಯನ್ನೂ ಈಗಷ್ಟೇ ನೋಡಿದೆ. ಟೈಪು ಮಾಡಲು ಕಣ್ಣು ಸಹಕರಿಸುವುದಿಲ್ಲ, ಅದಕ್ಕೆ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಉದ್ದವಾಯಿತೆಂದು ಯಾರೂ ಅರ್ಧಕ್ಕೆ ನಿಲ್ಲಿಸಬೇಡಿರಿ. ನಿನ್ನೆ ಸಂಜೆ ಬ್ಯಾಡಗಿಯ ಮೇಲೆ ಎಮ್ಮೆಯ ಕೆಚ್ಚಲಿನ ಹಾಗೆ ಮೋಡ ಜೋತುಬಿದ್ದಿತ್ತು, ಮೊಬೈಲಿನಲ್ಲಿ ಈ ವಾರದ ಏಳು ದಿನಕ್ಕೂ ಗುಡುಗಿನ ಚಿತ್ರವಿದೆ, ಭಾನುವಾರ ಹೊಲದ ಮನೆಯ ಅಂಗಳದಲ್ಲಿ ಬಸುರಿಗೆ ಉಡಿ ತುಂಬುವ ಕುಬುಸ ಇದೆ, ಚಂಡಮಾರುತವೇನಾದರೂ ಬರುತ್ತಿದೆಯೇ ದೊಡ್ಡಪ್ಪಾ ಎಂದು ಕೇಳಿದ್ದೀಯ. ಚಂಡಮಾರುತವಲ್ಲ. ಗುಡುಗು ಮೋಡ ಹನ್ನೆರಡು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದು, ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಅಗಲವಾಗಿ ಹರಡುತ್ತದೆ. ಆ ತಲೆಯ ಅಡಿಯಲ್ಲಿ ತಣ್ಣನೆಯ ಗಾಳಿ ಕೆಳಗೆ ಕುಸಿದಾಗ ಚೀಲ ಚೀಲವಾಗಿ ಕಾಣುತ್ತದೆ. ಅದನ್ನು ಮಮ್ಮಾಟಸ್ ಎನ್ನುತ್ತಾರೆ, ಲ್ಯಾಟಿನ್ನಿನಲ್ಲೂ ಅರ್ಥ ಹೆಚ್ಚುಕಡಿಮೆ ಕೆಚ್ಚಲೇ. ಆ ಚೀಲಗಳು ಯಾರಿಗೂ ಏನೂ ಮಾಡುವುದಿಲ್ಲ. ಅವುಗಳ ತಾಯಿ, ಆ ಗುಡುಗು ಮೋಡ ಇದೆಯಲ್ಲ, ಅವಳು ಹತ್ತಿರದಲ್ಲೇ ಇರುತ್ತಾಳೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅಂಥ ಮೋಡ ಕಂಡ ಹೊತ್ತಿನಲ್ಲಿ ಮರದಡಿ ನಿಲ್ಲಬೇಡಿರಿ.

ನಾನೂ ಆ ಮೋಡವನ್ನು ನೋಡಿದ್ದೇನೆ. ಯುಗಾದಿಗೆ ಎಂಟು ದಿನವಿತ್ತು, ನಿಮ್ಮ ದೊಡ್ಡಮ್ಮ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಣದ ತುಂಬ ಮೆಣಸಿನಕಾಯಿ ಹರವಿದ್ದೆವು. ನಾಲ್ಕು ಗಂಟೆಗೆ ಬಂದ ಮಳೆ ಅರ್ಧ ತಾಸು ಸುರಿದು ರಾಣೆಬೆನ್ನೂರಿನ ಕಡೆ ಹೋಯಿತು. ಪಡುವಣದ ಬಿಸಿಲು ಮೂಡಣದ ಮೋಡಕ್ಕೆ ಬಿದ್ದು, ಆ ಕೆಚ್ಚಲುಗಳೆಲ್ಲ ಅರಿಶಿನ ಬಳಿದಂತೆ ಹೊಳೆಯುತ್ತಿದ್ದವು. ಮಳೆ ಮುಗಿಯಿತು ಎಂದುಕೊಂಡು ನಾನು ಎತ್ತುಗಳನ್ನು ಹುಣಸೆ ಮರಕ್ಕೆ ಕಟ್ಟಿದೆ. ಯಾವ ಮರವೆಂದು ಹೇಳಬೇಕಿಲ್ಲ, ಈಗ ಬೋರಿನ ಪೆಟ್ಟಿಗೆ ಇರುವ ಜಾಗ. ಗೋಣಿಚೀಲ ತರಲು ಚಕ್ಕಡಿಯ ಕಡೆಗೆ ಇಪ್ಪತ್ತು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಕಣ್ಣೆಲ್ಲ ಬೆಳ್ಳಗಾಯಿತು. ಸದ್ದು ಕೇಳಿಸಿದ ನೆನಪೇ ಇಲ್ಲ. ಎದ್ದು ನೋಡಿದರೆ ನಾನು ಮೆಣಸಿನಕಾಯಿಯ ಮೇಲೆ ಅಂಗಾತ ಬಿದ್ದಿದ್ದೆ. ಮರದ ತೊಗಟೆ ತುದಿಯಿಂದ ಬುಡದವರೆಗೆ ಒಂದೇ ಪಟ್ಟಿಯಾಗಿ ಸುಲಿದಿತ್ತು. ಎತ್ತುಗಳಲ್ಲಿ ಕೆಂದ ಮೊಣಕಾಲೂರಿ ಮಲಗಿದಂತೆಯೇ ಇದ್ದ, ಬಾಯಲ್ಲಿ ಹುಲ್ಲು ಹಾಗೆಯೇ ಇತ್ತು. ಹೆಸರು ಹಿಡಿದು ಕರೆದೆ, ಕಿವಿ ಅಲ್ಲಾಡಲಿಲ್ಲ. ಇನ್ನೊಂದು ಎತ್ತು ಹಗ್ಗ ಹರಿದುಕೊಂಡು ಓಡಿ ರಾತ್ರಿ ಮನೆಗೆ ಬಂತು. ಸಿಡಿಲು ಮರಕ್ಕೆ ಬಿದ್ದು ನೆಲದಲ್ಲಿ ಹರಡುವಾಗ ದನಗಳ ಮುಂಗಾಲಿನಿಂದ ಹಿಂಗಾಲಿಗೆ ಮೈಯೊಳಗಿಂದಲೇ ಹಾಯುತ್ತದೆಯಂತೆ. ಅದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಮಳೆ ಆಚೆ ಹೋದ ಮೇಲೂ ಹತ್ತು ಕಿಲೋಮೀಟರ್ ದೂರಕ್ಕೆ ಸಿಡಿಲು ಚಾಚುತ್ತದೆ ಎಂಬುದೂ. ಮತ್ತೊಮ್ಮೆ ಹೇಳುತ್ತೇನೆ, ಮಳೆ ನಿಂತಿದೆ ಬಿಸಿಲು ಬಿದ್ದಿದೆ ಎಂದು ಮಕ್ಕಳನ್ನು ಮರದಡಿ ಬಿಡಬೇಡಿರಿ.

ಅಂದು ನಾನು ಗೋಣಿಚೀಲಕ್ಕೆ ಏಕೆ ಹೋಗಬೇಕಾಯಿತು? ಮನೆಯಲ್ಲಿ ಹೊಸ ತಾಡಪತ್ರಿ ಇತ್ತಲ್ಲ! ಇತ್ತು, ಆದರೆ ಅದನ್ನು ನಿಮ್ಮಪ್ಪ ಗೆಳೆಯನ ಮದುವೆಯ ಅಡುಗೆ ಚಪ್ಪರಕ್ಕೆ ಒಯ್ದಿದ್ದ. ಒಂದು ಮಾತು ಕೇಳಿರಲಿಲ್ಲ. ಮರಳಿ ಬಂದಾಗ ಒಲೆಯ ಕಿಡಿ ಸಿಡಿದು ಜರಡಿಯಾಗಿತ್ತು, ಒಂದು ಮೂಲೆಗೆ ಸಾರಿನ ಜಿಡ್ಡು. ಕಣದ ಕಾಯಿ ಅರ್ಧ ಬಣ್ಣ ಕಳೆದುಕೊಂಡು ಬೆಳ್ಳಗಾಯಿತು. ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ. ಪೇಟೆಯಲ್ಲಿ ದಲಾಲರು ಒಂದು ಹಿಡಿ ಎತ್ತಿ ನೋಡಿ ಹಾಗೆಯೇ ಕೆಳಗೆ ಬಿಟ್ಟರು. ನಿಮ್ಮಪ್ಪನೂ ಈ ಗುಂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ. ಇಷ್ಟು ವರ್ಷವಾದರೂ ಒಂದು ದಿನ ‘ಅಣ್ಣಾ, ತಪ್ಪಾಯಿತು’ ಎಂದವನಲ್ಲ. ಈ ಕುಬುಸದ ದಿನ ಗೊತ್ತುಮಾಡುವಾಗಲಾದರೂ ನನ್ನನ್ನು ಕೇಳಿದಿರೇ? ಭರಣಿ ಮಳೆಯ ಕಾಲ, ಸಂಜೆ ನಾಲ್ಕಕ್ಕೆ ಕಾರ್ಯಕ್ರಮ! ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ನಮ್ಮಪ್ಪ ಹೇಳುತ್ತಿದ್ದರು. ಬೆಳೆಗೆ ಒಳ್ಳೆಯದು, ಶಾಮಿಯಾನಕ್ಕಲ್ಲ.

ಹಾಂ, ಅದನ್ನೇ ಹೇಳಲು ಹೊರಟಿದ್ದೆ. ಕಾರ್ಯಕ್ರಮವನ್ನು ಬೆಳಿಗ್ಗೆಗೆ ತನ್ನಿರಿ. ಮುಂಗಾರಿಗೆ ಮೊದಲಿನ ಈ ಗುಡುಗು ಮಳೆ ನಮ್ಮ ಕಡೆ ಹೆಚ್ಚಾಗಿ ಮಧ್ಯಾಹ್ನದ ಬಿಸಿಲು ಕಾದ ಮೇಲೆಯೇ ಬರುವುದು. ಹತ್ತಕ್ಕೆ ಉಡಿ ತುಂಬಿ, ಮಧ್ಯಾಹ್ನ ಒಂದರೊಳಗೆ ಹೋಳಿಗೆ ಊಟ ಮುಗಿಯಲಿ. ಏಳು ದಿನಕ್ಕೂ ಗುಡುಗಿನ ಚಿತ್ರವಿದ್ದರೆ ಏಳು ದಿನವೂ ನಮ್ಮ ಹೊಲಕ್ಕೇ ಮಳೆ ಎಂದಲ್ಲ. ಹವಾಮಾನ ಇಲಾಖೆ ‘ಒಂದೆರಡು ಕಡೆ’ ಎಂದರೆ ಅವರ ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು ಪಾಲು ಸ್ಥಳಕ್ಕಿಂತ ಹೆಚ್ಚಿಲ್ಲ. ಇವತ್ತಿನ ಪಟ್ಟಿ ನೋಡಿ ಭಾನುವಾರಕ್ಕೆ ಹೆದರಬೇಡ, ಶನಿವಾರ ರಾತ್ರಿ ಮತ್ತೆ ನೋಡು. ನಮ್ಮ ಹಾವೇರಿ ಜಿಲ್ಲೆಗೆ ಕಿತ್ತಳೆ ಬಣ್ಣದ ಎಚ್ಚರಿಕೆ ಕೊಟ್ಟಿದ್ದರೆ ಅಂಗಳ ಬೇಡ, ಪಡಸಾಲೆಯಲ್ಲೇ ಮಾಡೋಣ. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಹಾಕಿಕೊ, ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತದೆ. ಮಿಂಚಿದ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಬಸುರಿಯನ್ನೂ ಮಕ್ಕಳನ್ನೂ ಮೊದಲು ಒಳಗೆ ಕಳುಹಿಸಿ, ಶಾಮಿಯಾನದ ಕಬ್ಬಿಣದ ಕಂಬ ಹಿಡಿದು ಯಾರೂ ನಿಲ್ಲುವುದು ಬೇಡ. ಕೊನೆಯ ಗುಡುಗಿನಿಂದ ಅರ್ಧ ತಾಸು ಹೊರಗೆ ಬರುವುದೂ ಬೇಡ.

ಅಡುಗೆಯ ಒಲೆಗೆ ಮರೆ ಬೇಕಾದರೆ ನನ್ನ ಅಟ್ಟದ ಮೇಲೆ ಹೊಸ ತಾಡಪತ್ರಿ ಇದೆ. ನಿಮ್ಮಪ್ಪನನ್ನು ಕಳುಹಿಸಬೇಡ, ನೀನೇ ಬಂದು ಒಯ್ಯಿ.