ಎಪ್ಪತ್ತು ವರ್ಷವಾಯಿತಲ್ಲ ಮಾವ ಎಂದವನಿಗೆ

ನಮ್ಮ ಕುಟುಂಬದ ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ಇಷ್ಟುದ್ದದ ಮಾತನ್ನು ಮೊಬೈಲಿನಲ್ಲಿ ಒತ್ತುತ್ತ ಕೂರಲು ನನ್ನ ಬೆರಳಿಗೆ ಆಗುವುದಿಲ್ಲವಾದ್ದರಿಂದ, ಹೇಳಬೇಕಾದುದನ್ನು ನಿನ್ನೆ ರಾತ್ರಿ ಕಾಗದದಲ್ಲಿ ಬರೆದಿಟ್ಟುಕೊಂಡು ಈಗ ಓದುತ್ತಿದ್ದೇನೆ. ಭಾನುವಾರ ಭಾವ, ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಕೇರಳದ ಮಲಯಾಳ ಭಾಷಾ ಮಸೂದೆಯ ಸುದ್ದಿಯನ್ನು ಇಲ್ಲಿ ಹಾಕಿದಾಗ ಬೆಂಗಳೂರಿನಿಂದ ಅಳಿಯ ಒಂದು ಪ್ರಶ್ನೆ ಕೇಳಿದ್ದ. "ಮಾವ, ಎಪ್ಪತ್ತು ವರ್ಷವಾಯಿತಲ್ಲ, ಮಲಯಾಳ ಕಲಿತರೆ ಮುಗಿಯಲಿಲ್ಲವೇ? ಇಲ್ಲಿಗೆ ಬಂದವರು ಕನ್ನಡ ಕಲಿಯಲಿ ಎಂದು ನಾವು ಹೇಳುತ್ತೇವೆ. ಅಲ್ಲಿ ಕಾಸರಗೋಡಿನಲ್ಲಿ ನೀವು ಮಲಯಾಳ ಬೇಡ ಎನ್ನುತ್ತೀರಿ. ಇದು ಎರಡು ನಾಲಿಗೆಯ ಮಾತಾಗುವುದಿಲ್ಲವೇ?" ಎಂದು. ಅದಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸು ಬರಲಿಲ್ಲ.

ಮಗಾ, ನೀನು ಕೇಳಿದ್ದರಲ್ಲಿ ತಪ್ಪಿಲ್ಲ. ಹೊರಗೆ ನಿಂತು ನೋಡುವವರಿಗೆ ಹಾಗೆಯೇ ಕಾಣುತ್ತದೆ. ಆದರೆ ಮೊದಲು ಆ ಎಪ್ಪತ್ತು ವರ್ಷದ ಲೆಕ್ಕವನ್ನು ಸರಿಯಾಗಿ ನೋಡೋಣ. 2026ರ ಜನವರಿಗೆ ನನಗೂ ಎಪ್ಪತ್ತು ತುಂಬಿತು. ನಾನು ಹುಟ್ಟಿದ 1956ರ ಜನವರಿಯಲ್ಲಿ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಾನು ಹತ್ತು ತಿಂಗಳ ಮಗು. ತೊಟ್ಟಿಲು ಚಾವಡಿಯ ಅದೇ ಜಂತಿಗೆ ತೂಗುತ್ತಿತ್ತು, ಮನೆಯ ಮೆಟ್ಟಿಲು ಅದೇ ಬೈಲಿನ ಕಡೆಗೆ ಮುಖ ಮಾಡಿತ್ತು, ಆದರೆ ಬೆಳಗಾಗುವಾಗ ನಾವು ಕೇರಳದವರಾಗಿದ್ದೆವು. ಉದ್ಯೋಗ ಅರಸಿ ಬೆಂಗಳೂರಿಗೆ ಹೋದವನು ಅಲ್ಲಿನ ಭಾಷೆಯನ್ನು ಕಲಿಯಬೇಕು, ಅದು ಆ ಊರಿಗೆ ಅವನು ತೋರಿಸಬೇಕಾದ ಗೌರವ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಊರು ಬಿಟ್ಟು ಹೋದವನಿಗೂ, ಊರಿನಲ್ಲೇ ಕೂತಿರುವಾಗ ರಾಜ್ಯವೇ ಬದಲಾದವನಿಗೂ ಒಂದೇ ನ್ಯಾಯವನ್ನು ಹೇಳಬಾರದು.

ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸುವ ವಿಲೀನದ ವಿಷಯವನ್ನು ನಾನು ಇಲ್ಲಿ ಎತ್ತುತ್ತಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು, ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಯಾಗಲಿಲ್ಲ. ಅದೇ ಕನಸಿಟ್ಟುಕೊಂಡು ಕೊನೆಯವರೆಗೂ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡರು. ಅವರ ಮೇಲೆ ನನಗಿರುವ ಗೌರವ ನಿಮಗೆಲ್ಲ ಗೊತ್ತು. ಇಂದು ನಾನು ಮಾತಾಡುತ್ತಿರುವುದು ಗಡಿಯ ಬಗ್ಗೆಯಲ್ಲ, ಕಚೇರಿಯ ಕಿಟಕಿಯ ಬಗ್ಗೆ.

ಮಲಯಾಳ ಬೇಡ ಎಂದು ನಾನು ಎಂದೂ ಹೇಳಿದವನಲ್ಲ. ಮೂವತ್ತೆಂಟು ವರ್ಷ ಹಳ್ಳಿಯ ಶಾಖಾ ಅಂಚೆ ಕಚೇರಿಯನ್ನು ನಡೆಸಿದವನಿಗೆ ಮಲಯಾಳ ಬಾರದೆ ಹೇಗೆ ಸಾಗುತ್ತದೆ? ಲಕೋಟೆಯ ಮೇಲಿನ ವಿಳಾಸ ಓದುತ್ತ ಓದುತ್ತ ಅಕ್ಷರ ಕಲಿತೆ, ಆಮೇಲೆ ದಿನಪತ್ರಿಕೆ ಓದಲು ಕಲಿತೆ, ಈಗ ಮಲಯಾಳದಲ್ಲಿ ಅರ್ಜಿಯನ್ನೂ ಬರೆಯಬಲ್ಲೆ. ನಮ್ಮ ಮನೆಯ ಮಾತು ತುಳು, ಬರವಣಿಗೆ ಕನ್ನಡ, ಪೇಟೆಯ ಮಾತು ಮಲಯಾಳ. ಆಚೆ ಮನೆಯವರದು ಮರಾಠಿ, ಕೆಳಗಿನ ಮನೆಯವರದು ಬ್ಯಾರಿ, ದೇವಸ್ಥಾನದ ಪಕ್ಕದವರದು ಕೊಂಕಣಿ. ಇವರಲ್ಲಿ ಎಷ್ಟೋ ಮಂದಿ ಓದು ಬರಹಕ್ಕೆಂದು ಶಾಲೆಯಲ್ಲಿ ಕಲಿತದ್ದು ಕನ್ನಡವನ್ನೇ. "ಮನೆಯಲ್ಲಿ ತುಳು ಮಾತಾಡುವ ನಿಮಗೆ ಕನ್ನಡ ಯಾಕೆ" ಎಂದು ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದುಂಟು. ಅಜ್ಜನ ಕಾಲದ ಜಾಗದ ಆಧಾರಪತ್ರ, ಅಪ್ಪನ ಗೇಣಿ ಚೀಟಿ, ಅಮ್ಮನ ಔಷಧಿಯ ಪಟ್ಟಿ, ಎಲ್ಲವೂ ನಮ್ಮ ಮನೆಯಲ್ಲಿ ಇರುವುದು ಕನ್ನಡದಲ್ಲಿ ಎಂದು ಉತ್ತರಿಸಿದ್ದೆ.

ಈಗ ನಿನಗೆ ಒಂದು ಸಂಗತಿ ಹೇಳಬೇಕು. ವರ್ಷ ಸರಿಯಾಗಿ 2011. ನಮ್ಮ ಗುಡ್ಡದ ಆಚೆ ಬದಿಯಲ್ಲಿ ಬೀಡಿ ಕಟ್ಟಿ ಜೀವನ ಮಾಡುತ್ತಿದ್ದ ಒಬ್ಬ ವಿಧವೆ ಇದ್ದರು, ನನಗಿಂತ ಏಳೆಂಟು ವರ್ಷ ಹಿರಿಯರು, ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರಿಗೆ ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲ ಅದು. ಒಂದು ದಿನ ಮಧ್ಯಾಹ್ನ ಅಂಚೆ ಚೀಲ ಕಟ್ಟುವ ಹೊತ್ತಿಗೆ ಬಂದು, ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಬೀಡಿ ಎಲೆಯ ಕಂದು ಬಣ್ಣ ಹತ್ತಿದ ಬೆರಳಿನಿಂದ ಮಡಿಕೆಗಳನ್ನು ಒಂದೊಂದಾಗಿ ಸವರಿ ಬಿಡಿಸಿದರು. ಕಾಗದದ ಮೂಲೆಗೆ ಕುಂಕುಮ ತಾಗಿತ್ತು. ಸರಕಾರದ ಮೊಹರು ಕಂಡು, ಪಿಂಚಣಿ ಹೆಚ್ಚಾದ ಕಾಗದ ಇರಬೇಕೆಂದು ತಿಳಿದು ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದರಂತೆ. ಅದು ಪೂರ್ತಿ ಮಲಯಾಳದಲ್ಲಿತ್ತು. ಹದಿನೈದು ದಿನದ ಒಳಗೆ ಒಂದು ದಾಖಲೆಯನ್ನು ಕಚೇರಿಗೆ ತಂದುಕೊಡದಿದ್ದರೆ ಪಿಂಚಣಿಯನ್ನು ನಿಲ್ಲಿಸಲಾಗುವುದು ಎಂದು ಅದರಲ್ಲಿ ಬರೆದಿತ್ತು. ಆ ಗಡುವು ಮುಗಿದು ನಾಲ್ಕು ದಿನವಾಗಿತ್ತು. ಓದಿ ಹೇಳಿದಾಗ ಅವರು ಅಳಲಿಲ್ಲ. "ನನಗೆ ಓದಲು ಬರುತ್ತದಲ್ಲ, ಪೋಸ್ಟ್ ಮಾಸ್ಟ್ರೇ" ಎಂದರು. ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಯಾಕೆಂದರೆ ಅವರು ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಕಲಿತವರು. ಬೀಡಿ ಕಟ್ಟುವಾಗ ಮಂಗಳೂರಿನಿಂದ ಬರುವ ಪತ್ರಿಕೆಯನ್ನು ಉಳಿದ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವರು. ಕೇರಳವು 1991ರ ಏಪ್ರಿಲ್‌ನಲ್ಲಿ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಣೆ ಮಾಡಿಕೊಂಡಾಗ ಆ ಲೆಕ್ಕದಲ್ಲಿ ಇವರೂ ಒಬ್ಬರು. ಅಕ್ಷರ ಬಲ್ಲ ಹೆಂಗಸನ್ನು ಒಂದು ಕಾಗದ ಒಂದೇ ದಿನದಲ್ಲಿ ನಿರಕ್ಷರಿ ಮಾಡಿಬಿಟ್ಟಿತು. ಪಿಂಚಣಿ ಪುನಃ ಬರಲು ಏಳು ತಿಂಗಳು ಹಿಡಿಯಿತು. ನೀನು ಕೇಳಿದ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇದೇ. ಅರುವತ್ತು ದಾಟಿದವರನ್ನು ಪುನಃ ಮಣೆಯ ಮೇಲೆ ಕೂರಿಸಿ ಬೇರೆ ಅಕ್ಷರ ತಿದ್ದಿಸಲು ಆಗುವುದಿಲ್ಲ, ಅದರ ಅಗತ್ಯವೂ ಇಲ್ಲ. ಅವರು ಓದಬಲ್ಲ ಅಕ್ಷರದಲ್ಲಿ ಎರಡು ಸಾಲು ಮುದ್ರಿಸಿದರೆ ಸಾಕಾಗಿತ್ತು.

ಇದು ನಾವು ಬೇಡುತ್ತಿರುವ ದಾನವೂ ಅಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕೆಂಬ 350ಎ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ್ದು 1956ರ ಏಳನೇ ತಿದ್ದುಪಡಿ. ಅಂದರೆ, ನಮ್ಮನ್ನು ಆಚೆ ಬದಿಗೆ ಹಾಕಿದ ವರ್ಷವೇ ಈ ಭರವಸೆಯನ್ನೂ ಬರೆದುಕೊಟ್ಟಿದ್ದಾರೆ. ಕೇರಳ ವಿಧಾನಸಭೆ 2025ರ ಅಕ್ಟೋಬರ್‌ನಲ್ಲಿ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆಯ ಬಗ್ಗೆ 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪತ್ರ ಬರೆದರು. ಹತ್ತನೇ ತರಗತಿಯ ತನಕ ಮಲಯಾಳವನ್ನು ಕಡ್ಡಾಯ ಪ್ರಥಮ ಭಾಷೆ ಮಾಡಿದರೆ ಕಾಸರಗೋಡಿನ ಕನ್ನಡ ಮಕ್ಕಳಿಗೆ ಪೆಟ್ಟು ಬೀಳುತ್ತದೆ ಎಂಬುದು ಅದರ ಸಾರ. ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರು, ಅಲ್ಪಸಂಖ್ಯಾತರಿಗೆ ಮಸೂದೆಯಲ್ಲೇ ಪ್ರತ್ಯೇಕ ರಕ್ಷಣೆ ಇದೆ, ಕನ್ನಡಿಗರೂ ತಮಿಳರೂ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರುತ್ತದೆ ಎಂದು ಹೇಳಿದರು. ಭಾವ ಒಬ್ಬರ ಮಾತನ್ನು ಹಾಕಿದರು, ಚಿಕ್ಕಮ್ಮನ ಮಗ ಇನ್ನೊಬ್ಬರ ಮಾತನ್ನು ಹಾಕಿದ, ಗುಂಪಿನಲ್ಲಿ ದಿನವಿಡೀ ಅದೇ ನಡೆಯಿತು. ನನಗೆ ಇಬ್ಬರ ಮೇಲೂ ಸಿಟ್ಟಿಲ್ಲ. ಆದರೆ ಕನ್ನಡದಲ್ಲಿ ಬರೆಯುವ ಹಕ್ಕು ಹೊಸದಾಗಿ ಸಿಗುವಂಥದ್ದಲ್ಲ. ಹಕ್ಕು ಇದ್ದ ಕಾಲದಲ್ಲೇ ಆ ಅಕ್ಕನ ಕಾಗದ ಮಲಯಾಳದಲ್ಲಿ ಬಂದದ್ದು. ಮಸೂದೆಯ ಕಲಮುಗಳನ್ನು ಓದುವಾಗ ನಾನು ಹುಡುಕುವುದು ಒಂದನ್ನೇ: ಕನ್ನಡ ಓದಬಲ್ಲ ಒಬ್ಬ ಗುಮಾಸ್ತ ಆ ಕಿಟಕಿಯಲ್ಲಿ ಕೂತಿರುತ್ತಾನೋ ಇಲ್ಲವೋ? ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಲ್ಲ ಮೇಷ್ಟ್ರೇ ಬರುತ್ತಾರೋ ಇಲ್ಲವೋ? ಗಣಿತದ ಲೆಕ್ಕವನ್ನು ಮಕ್ಕಳಿಗೆ ತಿಳಿಯದ ಭಾಷೆಯಲ್ಲಿ ವಿವರಿಸುವ ಮೇಷ್ಟ್ರು ಎಷ್ಟೇ ಒಳ್ಳೆಯವರಾಗಿದ್ದರೂ ಆ ಮಗುವಿನ ವರ್ಷ ಹಾಳಾಗುತ್ತದೆ. ಹೆತ್ತವರು ಶಾಲೆಯ ಗೇಟಿನ ಎದುರು ಧರಣಿ ಕೂತದ್ದನ್ನು ನೀನು ಪತ್ರಿಕೆಯಲ್ಲಿ ಓದಿರಬಹುದು, ನಾನು ಅವರ ಜೊತೆ ಕೂತಿದ್ದೇನೆ.

ಊರಿನ ಹೆಸರುಗಳನ್ನು ಮಲಯಾಳದ ರೀತಿಯಲ್ಲಿ ಬರೆಯುವ ವಿಷಯವನ್ನೂ ನೀನು ಸಣ್ಣದು ಎಂದೆ. ಅಂಚೆಯವನಿಗೆ ಅದು ಸಣ್ಣದಲ್ಲ. ಬದಿಯಡ್ಕ, ಕಾರಡ್ಕ, ಬೇಡಡ್ಕ, ಉಕ್ಕಿನಡ್ಕ ಎಂಬಲ್ಲೆಲ್ಲ ಕೊನೆಗಿರುವ ಅಡ್ಕ ಎಂಬ ಮಾತು ಅಲ್ಲಿ ಮುರಕಲ್ಲಿನ ಮಟ್ಟಸವಾದ ಬಯಲು ಇದೆ ಎಂದು ಹೇಳುತ್ತದೆ. ಬೈಲು ಎಂದಿದ್ದರೆ ಗದ್ದೆಗೆ ಇಳಿಯಬೇಕು, ಪದವು ಎಂದಿದ್ದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕಾಗದ ಹಂಚಲು ಹೊಸದಾಗಿ ಬಂದ ಹುಡುಗನಿಗೆ ನಾನು ದಾರಿ ಹೇಳಿಕೊಡುತ್ತಿದ್ದದ್ದು ಈ ಹೆಸರುಗಳಿಂದಲೇ. ಕಾರಡ್ಕವನ್ನು ಕಾಡಗಂ ಎಂದೂ, ಬೇಡಡ್ಕವನ್ನು ಬೇಡಗಂ ಎಂದೂ, ಮಲ್ಲವನ್ನು ಮಲ್ಲಂ ಎಂದೂ ಬರೆದಾಗ ಆ ನೆಲದ ಗುರುತು ಅಳಿಸಿಹೋಗುತ್ತದೆ. 2021ರ ಜೂನ್‌ನಲ್ಲಿ ಈ ಬಗ್ಗೆ ಗದ್ದಲವೆದ್ದಾಗ ಹೆಸರು ಬದಲಿಸುವ ತೀರ್ಮಾನವೇ ಆಗಿಲ್ಲ ಎಂಬ ಸ್ಪಷ್ಟನೆ ಬಂತು. ಸಂತೋಷ. ಆದರೆ ಹೆಸರು ಬದಲಾಗಲು ಆದೇಶವೇ ಬೇಕೆಂದಿಲ್ಲ, ಒಂದು ಬಸ್ಸಿನ ಬೋರ್ಡು, ಒಂದು ಹೆದ್ದಾರಿಯ ಫಲಕ, ಒಂದು ಅರ್ಜಿಯ ನಮೂನೆ ಸಾಕು.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ನಿನ್ನ ಅತ್ತೆ ಕೇರಳದ ಮಹಿಳಾ ಸಂಘಟನೆ ಕುಟುಂಬಶ್ರೀಯ ಅಯಲ್ಕೂಟದಲ್ಲಿ, ಅಂದರೆ ನೆರೆಮನೆ ಹೆಂಗಸರ ಗುಂಪಿನಲ್ಲಿ, ಕಾರ್ಯದರ್ಶಿಯಾಗಿ ಇವತ್ತಿಗೂ ನಡಾವಳಿಯನ್ನು ಕನ್ನಡದಲ್ಲೇ ಬರೆಯುತ್ತಾಳೆ, ಯಾರೂ ಬೇಡ ಎಂದಿಲ್ಲ. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು 2021ರಲ್ಲಿ ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ, ಅವರ ಪಕ್ಷಕ್ಕೆ ಮತ ಹಾಕದ ನನ್ನ ಕಣ್ಣೂ ತೇವವಾಯಿತು. 2025ರ ಡಿಸೆಂಬರ್ 11ರಂದು ನಡೆದ ಪಂಚಾಯತು ಚುನಾವಣೆಗೆ ಎಲ್ಲ ಪಕ್ಷದವರೂ ನಮ್ಮ ಅಂಗಳಕ್ಕೆ ಬಂದು ತುಳುವಿನಲ್ಲಿ ಮಾತಾಡಿ, ತಪ್ಪಿಲ್ಲದ ಕನ್ನಡದಲ್ಲಿ ಮುದ್ರಿಸಿದ ಕರಪತ್ರ ಕೊಟ್ಟು ಹೋದರು. ಮತ ಕೇಳಲು ಬೇಕಾಗುವ ಕನ್ನಡ, ಗೆದ್ದ ಮೇಲೆ ಕಳಿಸುವ ನೋಟೀಸಿಗೂ ಬೇಕು ಎಂದು ಮೂರು ಪಕ್ಷದವರಿಗೂ ನಾನು ಒಂದೇ ಮಾತು ಹೇಳಿದೆ.

ಕರ್ನಾಟಕ ನಮ್ಮನ್ನು ಕಾಯುತ್ತದೆ ಎಂದು ನೀವು ಅಲ್ಲಿರುವವರು ಹೇಳುವಾಗ ನನಗೆ 2020ರ ಮಾರ್ಚ್ ನೆನಪಾಗುತ್ತದೆ. ಕೊರೊನಾದ ಹೆದರಿಕೆಯಲ್ಲಿ ತಲಪಾಡಿಯಿಂದ ಹಿಡಿದು ನಮ್ಮ ಗಡಿಯ ರಸ್ತೆಗಳಿಗೆಲ್ಲ ಕರ್ನಾಟಕದ ಕಡೆಯಿಂದ ತಡೆ ಬಿತ್ತು, ಕೆಲವು ಕಡೆ ಮಣ್ಣನ್ನೇ ರಾಶಿ ಹಾಕಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡರು, ವಿಷಯ ಕೇರಳದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳಲ್ಲಿ ಅಂಚೆ ಕಚೇರಿ ತೆರೆದಿತ್ತು. ಮಂಗಳೂರಿನ ಡಾಕ್ಟರು ಬರೆದ ಮಾತ್ರೆ ಮುಗಿದವರು ಬೆಳಗ್ಗೆಯೇ ಬಂದು ಜಗಲಿಯಲ್ಲಿ ದೂರ ದೂರ ಕೂತು, ಚೀಲ ಬಂತೋ, ಪಾರ್ಸೆಲ್ ಇದೆಯೋ ಎಂದು ಕೇಳುತ್ತಿದ್ದರು. 2013ರಲ್ಲಿ ಉಕ್ಕಿನಡ್ಕದಲ್ಲಿ ಶಿಲಾನ್ಯಾಸವಾದ ನಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಅಷ್ಟು ಹೊತ್ತಿಗೆ ಪೂರ್ತಿಯಾಗಿದ್ದರೆ ಅವರು ಹಾಗೆ ಕೂರಬೇಕಾಗಿರಲಿಲ್ಲ. ಕನ್ನಡದ ಪ್ರೀತಿಯೂ ಕೇರಳದ ಸಾಧನೆಯೂ ಆ ಜಗಲಿಯ ತನಕ ಬಂದು ಮುಟ್ಟಿರಲಿಲ್ಲ ಎಂಬುದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ.

ನಮ್ಮ ಮನೆಯ ಒಳಗಿನ ಮಾತನ್ನೂ ಮುಚ್ಚಿಡುವುದಿಲ್ಲ. ನನ್ನ ಇಬ್ಬರು ಮೊಮ್ಮಕ್ಕಳಲ್ಲಿ ಒಬ್ಬಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ಕನ್ನಡ ತರಗತಿಯಲ್ಲಿ ಮಕ್ಕಳಿಲ್ಲ ಎಂಬ ಕಾರಣ ಕೊಟ್ಟು ಹುದ್ದೆ ಕಡಿಮೆ ಮಾಡುವಾಗ ಅದರಲ್ಲಿ ನಮ್ಮ ಪಾಲೂ ಇದೆ. ಅವಳಿಗೆ ದಿನಾ ಸಂಜೆ ದೀಪ ಹೊತ್ತಿಸಿದ ಮೇಲೆ ಅರ್ಧ ಗಂಟೆ ನಾನೇ ಕನ್ನಡ ಕಲಿಸುತ್ತಿದ್ದೇನೆ. ಒತ್ತಕ್ಷರದ ತನಕ ಬಂದಿದ್ದಾಳೆ.

ಕೊನೆಗೆ, ಅಳಿಯಾ, ನಿನ್ನದೇ ಒಂದು ಕಾಗದದ ವಿಷಯ. ಡಿಜಿಟಲ್ ರೀಸರ್ವೆ, ಅಂದರೆ ಜಾಗದ ಮರು ಅಳತೆ, ಆದ ಮೇಲೆ ನಿನ್ನ ಅಮ್ಮನಿಂದ ನಿನಗೆ ಬಂದ ಪಾಲಿನ ಜಾಗದ ಬಗ್ಗೆ ಕಳೆದ ವರ್ಷ ಒಂದು ನೋಟೀಸು ಬಂದಿತ್ತು. ನೀನು ಅದರ ಫೋಟೊ ತೆಗೆದು ನನಗೆ ಕಳಿಸಿ, "ಮಾವ, ಇದರಲ್ಲಿ ಏನಿದೆ ಹೇಳಿ" ಎಂದು ಕೇಳಿದ್ದೆ. ಇಂಜಿನಿಯರಿಂಗ್ ಓದಿದ ನಿನಗೂ ಆ ದಿನ ಆದದ್ದು, ದೇವರ ಪಟದ ಹಿಂದೆ ಕಾಗದವಿಟ್ಟ ಆ ಅಕ್ಕನಿಗೆ ಆದದ್ದೇ. ನಿನಗೆ ಓದಿ ಹೇಳಲು ಮಾವ ಇದ್ದ. ಅದರಲ್ಲಿ ಪಡುವಣ ಬದಿಯಲ್ಲಿ ಜಾಗವನ್ನು ಹನ್ನೆರಡು ಸೆಂಟ್ಸ್ ಕಡಿಮೆ ತೋರಿಸಿದ್ದಾರೆ. ತಕರಾರು ಅರ್ಜಿಯನ್ನು ನಾನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕೆಂದು ಕೊನೆಯ ಸಾಲಿನಲ್ಲಿ ಕೇಳಿದ್ದೇನೆ. ಸಹಿ ನಿನ್ನದೇ ಆಗಬೇಕು. ಮುಂದಿನ ತಿಂಗಳು ತರವಾಡು ಮನೆಯ ದೈವದ ನೇಮಕ್ಕೆ ಬರುವಾಗ ಜಾಗದ ಆಧಾರಪತ್ರದ ಪ್ರತಿ ಮತ್ತು ಕಳೆದ ವರ್ಷದ ಭೂತೆರಿಗೆಯ ರಶೀದಿ ತೆಗೆದುಕೊಂಡು ಬಾ. ಸೋಮವಾರ ಬೆಳಗ್ಗೆ ಇಬ್ಬರೂ ಒಟ್ಟಿಗೆ ವಿಲ್ಲೇಜ್ ಆಫೀಸಿಗೆ ಹೋಗೋಣ, ಹತ್ತು ಗಂಟೆಗೆ ಮೊದಲೇ ಹೋದರೆ ಸಾಲು ಕಡಿಮೆ ಇರುತ್ತದೆ.