ಮನೆ ಡೇಕೇರ್ ನಡೆಸುವವರಿಗೆ ವ್ಯವಹಾರದ ಪಾಠ ಹೇಗೆ ಹೇಳಿಕೊಡುವುದು? ನಿಮ್ಮ ಅನುಭವ ತಿಳಿಸಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಪ್ರಶ್ನೆ:

ಲೈಸೆನ್ಸ್ ಪಡೆದು ಮನೆಯಲ್ಲೇ ಡೇಕೇರ್ ನಡೆಸುತ್ತಿರುವ ಐವರು ಮಹಿಳೆಯರಿಗೆ ವ್ಯವಹಾರದ ವಿಷಯದಲ್ಲಿ ನೆರವಾಗಲು ಒಪ್ಪಿಕೊಂಡಿದ್ದೇನೆ. ಅವರಲ್ಲಿ ಮೂವರು ಕನ್ನಡದವರು. ನಾನು ಹದಿನೈದು ವರ್ಷ ಕಂಪನಿಯೊಂದರ ಹಣಕಾಸು ವಿಭಾಗದಲ್ಲಿ ಕೆಲಸ ಮಾಡಿದವಳು. ಡೇಕೇರ್ ನಡೆಸಿ ಗೊತ್ತಿಲ್ಲ. ಮಕ್ಕಳನ್ನು ನೋಡಿಕೊಳ್ಳುವುದರಲ್ಲಿ ಇವರನ್ನು ಮೀರಿಸುವವರಿಲ್ಲ, ಆದರೆ ಕಳೆದ ತಿಂಗಳು ಕೈಯಲ್ಲಿ ಎಷ್ಟು ಉಳಿಯಿತು ಎಂದು ಕೇಳಿದರೆ ಒಬ್ಬರಿಗೂ ಹೇಳಲಾಗುವುದಿಲ್ಲ. ಎಕ್ಸೆಲ್‌ನಲ್ಲಿ ಅಚ್ಚುಕಟ್ಟಾದ ಪಟ್ಟಿ ಮಾಡಿಕೊಟ್ಟೆ. ಎರಡು ತಿಂಗಳಾದರೂ ಯಾರೂ ಅದನ್ನು ತೆರೆದು ನೋಡಿಲ್ಲ. ಈ ಕೆಲಸ ಮಾಡಿದವರು ಎಲ್ಲಿಂದ ಆರಂಭಿಸಿದಿರಿ?

ಸ್ಯಾನ್ ರಮೋನ್‌ನಿಂದ ಉತ್ತರ:

ಹನ್ನೊಂದು ವರ್ಷ ಮನೆಯಲ್ಲಿ ಡೇಕೇರ್ ನಡೆಸಿ, ಈಗ ನಾಲ್ಕು ವರ್ಷಗಳಿಂದ ಇತರರಿಗೆ ಮಾರ್ಗದರ್ಶನ ಮಾಡುತ್ತಿದ್ದೇನೆ. ಮೊದಲ ವರ್ಷ ನಾನೂ ನಿಮ್ಮಂತೆಯೇ ಪಟ್ಟಿ ಹಿಡಿದುಕೊಂಡು ಹೋಗಿ ಸೋತವಳು, ಆದ್ದರಿಂದ ಬೇಸರಪಡಬೇಡಿ.

ಅವರ ಮನೆಗೆ ಮಧ್ಯಾಹ್ನ ಒಂದರಿಂದ ಮೂರರ ನಡುವೆ ಹೋಗಿ. ಮಕ್ಕಳು ಮಲಗಿರುವ ಆ ಎರಡು ಗಂಟೆಯಷ್ಟೇ ಅವರ ಕೈಗೆ ಸಿಗುವ ಬಿಡುವು. ಸಂಜೆಯ ಝೂಮ್ ಸಭೆಗೆ ಕರೆದರೆ ಕ್ಯಾಮೆರಾ ಮುಚ್ಚಿಕೊಂಡು ಪಾತ್ರೆ ತೊಳೆಯುತ್ತಿರುತ್ತಾರೆ. ಕಳೆದ ವರ್ಷ ನಾನು ಹೀಗೆ ಹೋದ ಮನೆಯೊಂದರಲ್ಲಿ ಡೈನಿಂಗ್ ಟೇಬಲ್ಲಿನ ಮೇಲೆ ಬಿಸ್ಕತ್ತಿನ ಡಬ್ಬಿಯ ತುಂಬ ಕಾಸ್ಟ್ಕೋ ಅಂಗಡಿಯ ರಸೀದಿಗಳಿದ್ದವು, ಫೀ ಕೊಟ್ಟವರ ಹೆಸರುಗಳು ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿದ್ದವು. ನಾನು ಅವೆರಡನ್ನೂ ಮುಟ್ಟಲಿಲ್ಲ. ಒಂದು ಹಾಳೆ ತೆಗೆದುಕೊಂಡು, ಬೆಳಗ್ಗೆ ಎಷ್ಟು ಹೊತ್ತಿಗೆ ಕೆಲಸಕ್ಕೆ ನಿಲ್ಲುತ್ತೀರಿ ಎಂದಷ್ಟೇ ಕೇಳಿದೆ. ಏಳೂವರೆಯಿಂದ ಆರರವರೆಗೆ ಮಕ್ಕಳು, ಆಮೇಲೆ ನೆಲ ಒರೆಸುವುದು, ಆಟದ ಸಾಮಾನು ತೊಳೆಯುವುದು, ಶನಿವಾರದ ಸಂತೆ, ಭಾನುವಾರ ರಾತ್ರಿ ವಾರದ ಅಡುಗೆಯ ತಯಾರಿ, ಎಲ್ಲ ಸೇರಿ ವಾರಕ್ಕೆ 65 ಗಂಟೆಯಾಯಿತು. ಆರು ಮಕ್ಕಳಿಂದ ತಿಂಗಳಿಗೆ 7,200 ಡಾಲರ್ ಬರುತ್ತಿತ್ತು, ಅರೆಕಾಲಿಕ ಸಹಾಯಕಿಯ ಸಂಬಳ, ಊಟ, ವಿಮೆ ಮತ್ತು ಸಾಮಾನುಗಳಿಗೆ 3,300 ಹೋಗುತ್ತಿತ್ತು. ಉಳಿದ 3,900 ಡಾಲರನ್ನು ತಿಂಗಳ 281 ಗಂಟೆಗಳಿಂದ ಭಾಗಿಸಿದಾಗ ಗಂಟೆಗೆ 14 ಡಾಲರ್ ಕೂಡ ಬರಲಿಲ್ಲ. 2025ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನವೇ 16.50 ಡಾಲರ್, ಆಕೆ ತನ್ನ ಸಹಾಯಕಿಗೆ ಕೊಡುತ್ತಿದ್ದುದು 18. ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದು, "ಹಾಗಾದರೆ ನನಗಿಂತ ಅವಳಿಗೇ ಜಾಸ್ತಿಯಾಯಿತಲ್ಲ" ಎಂದರು. ಮುಂದಿನ ವಾರ ಡಬ್ಬಿಯ ರಸೀದಿಗಳನ್ನು ತಿಂಗಳವಾರು ಜೋಡಿಸಿಟ್ಟವರು ಅವರೇ.

ಈ ಕ್ಷೇತ್ರದವರು "ಕಬ್ಬಿಣದ ತ್ರಿಕೋನ" ಎಂಬ ಮಾತನ್ನು ಬಳಸುತ್ತಾರೆ: ಎಲ್ಲ ಜಾಗಗಳೂ ತುಂಬಿರಬೇಕು, ಹೇಳಿದ ಫೀ ಪೂರ್ತಿಯಾಗಿ ಸಕಾಲಕ್ಕೆ ಕೈಸೇರಬೇಕು, ಒಂದು ಮಗುವಿನ ಫೀ ಆ ಮಗುವಿಗೆ ತಗಲುವ ಖರ್ಚನ್ನು ತುಂಬಿಕೊಡಬೇಕು. ನಮ್ಮವರಲ್ಲಿ ಸೋರುವುದು ಹೆಚ್ಚಾಗಿ ಎರಡನೆಯ ಮೂಲೆ, ಅದಕ್ಕೆ ಕಾರಣ ಲೆಕ್ಕ ಬಾರದಿರುವುದಲ್ಲ, ದಾಕ್ಷಿಣ್ಯ. ಮಗುವನ್ನು ಬಿಡಲು ಬರುವ ಹುಡುಗಿ "ಅಕ್ಕ" ಎನ್ನುತ್ತಾಳೆ, ಯುಗಾದಿಗೆ ಒಬ್ಬಟ್ಟು ತಂದುಕೊಡುತ್ತಾಳೆ. ಅವಳು ಹೈವೇ 880ರ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮುಕ್ಕಾಲು ಗಂಟೆ ತಡವಾಗಿ ಬಂದರೆ ಮಗುವಿಗೆ ಅನ್ನ ಸಾರು ತಿನ್ನಿಸಿ ಕಳುಹಿಸುತ್ತಾರೆಯೇ ಹೊರತು ಲೇಟ್ ಫೀ ಕೇಳಲು ಯಾರಿಗೆ ಬಾಯಿ ಬರುತ್ತದೆ?

ಇದಕ್ಕಿಂತ ದೊಡ್ಡ ಸೋರಿಕೆ ಊರಿನ ಪ್ರಯಾಣದ್ದು. ಡಿಸೆಂಬರಿನಲ್ಲಿ ಎರಡು ಕುಟುಂಬಗಳು ಆರು ವಾರ ಬೆಂಗಳೂರಿಗೆ ಹೋಗಿ, "ಮಗು ಬರುವುದಿಲ್ಲವಲ್ಲ, ಫೀ ಯಾಕೆ" ಎಂದರೆ, ವಾರಕ್ಕೆ 300 ಡಾಲರಿನಂತೆ 3,600 ಡಾಲರ್ ಹೋಯಿತು. ಆರು ವಾರದ ಮಟ್ಟಿಗೆ ಬೇರೆ ಮಗು ಬರುವುದಿಲ್ಲ, ಮನೆಯ ಬಾಡಿಗೆಯೂ ಇಳಿಯುವುದಿಲ್ಲ. ಇನ್ನು ಅಜ್ಜಿ ತಾತ ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದರೆ ಮಗುವನ್ನು ಮರುದಿನದಿಂದಲೇ ಬಿಡಿಸುವುದು, ಅವರು ಹೊರಟ ವಾರ ಅದೇ ಜಾಗ ಬೇಕೆಂದು ಕೇಳುವುದು! ಆದ್ದರಿಂದ ನಾನು ಮೊದಲು ಬರೆಸುವುದು ಎರಡೇ ಪುಟದ ಕರಾರು ಪತ್ರ. ಫೀ ಮಗುವಿನ ಹಾಜರಿಗಲ್ಲ, ಕಾದಿರಿಸಿದ ಜಾಗಕ್ಕೆ. ಬಿಡಿಸುವುದಿದ್ದರೆ ನಾಲ್ಕು ವಾರ ಮುಂಚೆ ಬರಹದಲ್ಲಿ ತಿಳಿಸಬೇಕು. ಆರು ಗಂಟೆಯ ನಂತರ ಪ್ರತಿ ಹತ್ತು ನಿಮಿಷಕ್ಕೆ ಇಷ್ಟು. ವರ್ಷಕ್ಕೆ ಇಷ್ಟು ದಿನ ಡೇಕೇರ್ ಮುಚ್ಚಿರುತ್ತದೆ, ಆ ದಿನಗಳಿಗೂ ಫೀ ಇದೆ. ಬರೆಸಿದರೆ ಸಾಲದು, ಆ ಮಾತನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವನ್ನೂ ಮಾಡಿಸಬೇಕು. ನಾನು ತಾಯಿಯ ಪಾತ್ರ ವಹಿಸಿ, "ಏನಕ್ಕ, ನಮ್ಮ ಹತ್ತಿರವೂ ಹೀಗಾ?" ಎನ್ನುತ್ತೇನೆ. ಅದಕ್ಕೆ ನಗುತ್ತಲೇ, ಆದರೆ ಮಾತು ಬದಲಿಸದೆ, "ಎಲ್ಲರಿಗೂ ಒಂದೇ ಕಾಗದ ಕಣಮ್ಮ" ಎನ್ನುವಷ್ಟರ ಮಟ್ಟಿಗೆ ಬರಲು ಕೆಲವರಿಗೆ ಮೂರು ಭೇಟಿ ಬೇಕಾಯಿತು.

ಒಂದು ತಪ್ಪನ್ನು ಮಾತ್ರ ಮಾಡಬೇಡಿ: ಅವರ ಲೆಕ್ಕವನ್ನು ನೀವೇ ಬರೆದುಕೊಡಬೇಡಿ. ನಾನು ಒಬ್ಬರಿಗೆ ಎಂಟು ತಿಂಗಳು ಬರೆದುಕೊಟ್ಟೆ; ನಾನು ಊರಿಗೆ ಹೋದ ತಿಂಗಳು ಅವರ ಪುಸ್ತಕ ಖಾಲಿಯೇ ಉಳಿಯಿತು.

ಸನ್ನಿವೇಲ್‌ನಿಂದ ಉತ್ತರ:

ನಾನು ತೆರಿಗೆ ಲೆಕ್ಕ ಮಾಡಿಕೊಡುವವನು. ಮೇಲಿನವರು ಹೇಳಿದ ಗಂಟೆಗಳ ಪಟ್ಟಿ ತೆರಿಗೆಯಲ್ಲೂ ಹಣ ಉಳಿಸುತ್ತದೆ ಎಂಬುದನ್ನು ಸೇರಿಸಬಯಸುತ್ತೇನೆ. ಸಾಮಾನ್ಯವಾಗಿ ಮನೆಯ ಖರ್ಚನ್ನು ವ್ಯವಹಾರಕ್ಕೆ ಹಾಕಬೇಕಾದರೆ ಆ ಕೋಣೆಯನ್ನು ವ್ಯವಹಾರಕ್ಕಷ್ಟೇ ಬಳಸಬೇಕು; ಡೇಕೇರಿಗೆ ಮಾತ್ರ ಈ ನಿಯಮದಿಂದ ವಿನಾಯಿತಿಯಿದ್ದು, ಮಕ್ಕಳಿಗಾಗಿ ನಿಯಮಿತವಾಗಿ ಬಳಸುವ ಅಡುಗೆಮನೆ ಮತ್ತು ಮಲಗುವ ಕೋಣೆಗಳೂ ಲೆಕ್ಕಕ್ಕೆ ಬರುತ್ತವೆ. ಉದಾಹರಣೆಗೆ 1,600 ಚದರಡಿಯ ಮನೆಯಲ್ಲಿ 1,200 ಚದರಡಿ ಬಳಕೆಯಾದರೆ 75 ಪ್ರತಿಶತ. ಮಕ್ಕಳಿರುವ 2,750 ಗಂಟೆಗೆ, ಮಕ್ಕಳಿಲ್ಲದಾಗ ಮಾಡುವ ಶುಚಿ ಮತ್ತು ಅಡುಗೆ ತಯಾರಿಯ 500 ಗಂಟೆ ಸೇರಿಸಿದರೆ 3,250. ವರ್ಷದ ಒಟ್ಟು 8,760 ಗಂಟೆಗಳಲ್ಲಿ ಅದು 37.1 ಪ್ರತಿಶತ. ಎರಡನ್ನೂ ಗುಣಿಸಿದರೆ ಸುಮಾರು 27.8 ಪ್ರತಿಶತ; ಮನೆಯ ಖರ್ಚಿನಲ್ಲಿ ಅಷ್ಟು ಭಾಗ ವ್ಯವಹಾರದ್ದು. ತಿಂಗಳಿಗೆ 3,600 ಡಾಲರ್ ಬಾಡಿಗೆ ಕಟ್ಟುವವರಿಗೆ ವರ್ಷಕ್ಕೆ ಸುಮಾರು 12,000 ಡಾಲರನ್ನು ವ್ಯವಹಾರದ ಖರ್ಚೆಂದು ತೋರಿಸಲು ಬರುತ್ತದೆ, ಅದರಲ್ಲಿ 1,850ರಷ್ಟು ಆ 500 ಗಂಟೆಗಳದ್ದೇ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಆ ಗಂಟೆಗಳನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ.

ಊಟದ ಬಗ್ಗೆಯೂ ಒಂದು ಮಾತು. ಫೆಡರಲ್ ಸರ್ಕಾರದ ಆಹಾರ ಕಾರ್ಯಕ್ರಮ ದಿನಕ್ಕೆ ಒಂದು ಮಗುವಿಗೆ ಎರಡು ಊಟ, ಒಂದು ತಿಂಡಿಯವರೆಗೆ ಹಣ ಮರಳಿ ಕೊಡುತ್ತದೆ. ಸಸ್ಯಾಹಾರಿಗಳಿಗೆ ಅದು ಸಿಗುವುದಿಲ್ಲ ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿದೆ. ಬೇಳೆ, ಕಾಳು, ಮೊಸರು ಎಲ್ಲವೂ ಮಾಂಸದ ಬದಲಿಗೆ ಒಪ್ಪಿತವೇ. ಪ್ರತಿದಿನ ಮೆನು ಮತ್ತು ಹಾಜರಿ ಬರೆದಿಡಬೇಕು. ಸಹಾಯಕಿಯನ್ನು ಉದ್ಯೋಗಿಯೆಂದೇ ತೋರಿಸಿ, ಡಬ್ಲ್ಯೂ-2 (ವರ್ಷದ ಸಂಬಳ ಮತ್ತು ಕಡಿತಗೊಂಡ ತೆರಿಗೆಯ ಪತ್ರ) ಕೊಟ್ಟು, ಕಾರ್ಮಿಕ ವಿಮೆ ಮಾಡಿಸಿ. ಗುತ್ತಿಗೆಯವರೆಂದು ತೋರಿಸಿದರೆ ಮುಂದೆ ತೊಂದರೆ. ಎಚ್-4 ವೀಸಾದಲ್ಲಿರುವವರು, ಅಂದರೆ ಎಚ್-1ಬಿ ವೀಸಾದ ನೌಕರರ ಸಂಗಾತಿಗಳು, ಕೆಲಸದ ಅನುಮತಿ ಪತ್ರವಿಲ್ಲದೆ ಒಂದು ಮಗುವನ್ನೂ ಫೀ ಪಡೆದು ನೋಡಿಕೊಳ್ಳುವಂತಿಲ್ಲ.

ಫ್ರೀಮಾಂಟ್‌ನಿಂದ ಮತ್ತೆ:

ಇಬ್ಬರಿಗೂ ವಂದನೆಗಳು. ಸ್ಯಾನ್ ರಮೋನ್‌ನವರ ಮಾತಿನಂತೆ ನಿನ್ನೆ ಒಂದೂವರೆಗೆ ಒಬ್ಬರ ಮನೆಗೆ ಹೋಗಿ, ಪಿಸುದನಿಯಲ್ಲೇ ಗಂಟೆಗಳ ಲೆಕ್ಕ ಮಾಡಿದೆವು. ಅವರದು 11 ಡಾಲರಿಗೆ ಬಂದು ನಿಂತಿತು. ಫೀ ಏರಿಸಲು ಮನಸ್ಸಿಲ್ಲ, ಅದರ ಬದಲು ಎಂಟು ಮಕ್ಕಳ ಲೈಸೆನ್ಸನ್ನು ಹದಿನಾಲ್ಕಕ್ಕೆ ಏರಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಏನು ಹೇಳಲಿ?

ಸ್ಯಾನ್ ರಮೋನ್‌ನಿಂದ:

ದೊಡ್ಡ ಲೈಸೆನ್ಸಿಗೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು, ಜೊತೆಗೊಬ್ಬ ಸಹಾಯಕಿ ಇರಲೇಬೇಕು, ಮತ್ತು ಅವರ ಮನೆಯಲ್ಲೇ ಇರುವ ಹತ್ತು ವರ್ಷದೊಳಗಿನ ಸ್ವಂತ ಮಕ್ಕಳೂ ಆ ಹದಿನಾಲ್ಕರಲ್ಲಿ ಎಣಿಕೆಯಾಗುತ್ತಾರೆ. 2020ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಕಾನೂನಿನಂತೆ ದೊಡ್ಡ ಮನೆ ಡೇಕೇರಿಗೂ ನಗರಸಭೆ ಪ್ರತ್ಯೇಕ ವ್ಯಾಪಾರ ಪರವಾನಗಿ ಕೇಳುವಂತಿಲ್ಲ, ಅಷ್ಟು ಅನುಕೂಲ. ಆದರೆ ಒಂದೊಂದು ಮಗುವಿನಿಂದಲೂ ದುಡಿಮೆಗೆ ತಕ್ಕಷ್ಟು ಉಳಿಯದಿರುವಾಗ ಮಕ್ಕಳ ಸಂಖ್ಯೆ ಏರಿಸಿದರೆ ಏರುವುದು ದಣಿವು ಮಾತ್ರ. ಕಳೆದ ಹನ್ನೆರಡು ತಿಂಗಳಲ್ಲಿ ಎಂಟೂ ಜಾಗಗಳು ಎಷ್ಟು ತಿಂಗಳು ತುಂಬಿದ್ದವು ಎಂದು ಗೋಡೆಯ ಕ್ಯಾಲೆಂಡರ್ ತೆಗೆಸಿ ಎಣಿಸಿ ನೋಡಿ. ನಾಲ್ಕೋ ಐದೋ ಬಂದರೆ, ಅರ್ಜಿಯ ಮಾತನ್ನು ಅವರೇ ಬದಿಗಿಡುತ್ತಾರೆ.