ಮಗಳು 'ನಾನೂ ಕಸ್ತಲೆ' ಅಂದಳು. ಏನು ಹೇಳಲಿ?

ಕಾಸರಗೋಡಿನ ನೀರ್ಚಾಲಿನವಳು, ಈಗ ಮೆಲ್ಬರ್ನ್
ಮಗಳಿಗೆ ಏಳು ವರ್ಷ. 'ಡಾರ್ಕ್' ಅನ್ನೋ ಒಂದೇ ಪದ ಎಲ್ಲೆಲ್ಲಿ ಬರುತ್ತದೆ, ಮನೆ ಭಾಷೆಯಲ್ಲಿ ಅದಕ್ಕೆಲ್ಲ ಏನನ್ನುತ್ತಾರೆ ಅಂತ ಹೋಂವರ್ಕ್. ಡಾರ್ಕ್ ರೂಮ್, ಡಾರ್ಕ್ ಗ್ರೀನ್, ಡಾರ್ಕ್ ಚಾಕಲೇಟ್, 'ಇನ್ ದ ಡಾರ್ಕ್', ಡಾರ್ಕ್ ಹಾರ್ಸ್. ವಿಡಿಯೊ ಕಾಲ್‌ನಲ್ಲಿ ಅಜ್ಜಿಯನ್ನು ಕೇಳಿದಳು. ಅಜ್ಜಿ 'ಕಸ್ತಲೆ' ಅಂದರು. 'ಹಾಗಾದ್ರೆ ನಾನೂ ಕಸ್ತಲೆ' ಅಂದಳು ಇವಳು. ಅಜ್ಜಿ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಕ್ಲಾಸಿನಲ್ಲಿ ಯಾರೋ ಇವಳನ್ನು ಡಾರ್ಕ್ ಅಂದಿದ್ದಾರಂತೆ. ಹೇಗೆ ಬಿಡಿಸಿ ಹೇಳಲಿ?

ಪೆರ್ಲ, ದುಬೈ
ತಲೆ ಕೆಡಿಸ್ಕೊಳ್ಬೇಡಿ ಅಕ್ಕ. ಮನೆಯಲ್ಲಿ ಕನ್ನಡ ಮಾತ್ರ ಮಾತಾಡಿ, ಎಲ್ಲ ಸರಿಯಾಗುತ್ತದೆ.

ಮುಳ್ಳೇರಿಯದ ನಿವೃತ್ತ ಟೀಚರ್, ಮಗನ ಮನೆ, ಟೊರೊಂಟೊ
ಬೆಳಕಿಲ್ಲದ್ದು ಕತ್ತಲೆ, ಹವ್ಯಕರ ಮನೆಯಲ್ಲಿ ಕಸ್ತಲೆ. ಅದು ಕೋಣೆಗೆ, ರಾತ್ರಿಗೆ. ಜಾಸ್ತಿಯಾದರೆ ಕಗ್ಗತ್ತಲೆ. ಆ 'ಕಗ್' ಅಂದರೆ 'ಕಡು'. ಬಣ್ಣಕ್ಕೂ ಅದೇ: ಕಡುಹಸಿರು, ಕಡುನೀಲಿ. ಮೋಡವಾದರೆ ಕಾರ್ಮೋಡ. ಚಾಕಲೇಟಿಗೆ ಸುಮ್ನೆ 'ಕಹಿ' ಅಂತ ಬರೆಯಿರಿ. 'ಇನ್ ದ ಡಾರ್ಕ್' ಅಂದರೆ ಸಂಗತಿ ಗೊತ್ತಿಲ್ಲದೆ ಇರುವುದು. ಮೈಬಣ್ಣಕ್ಕೆ ಕಪ್ಪು, ನಸುಗಪ್ಪು, ಎಣ್ಣೆಗಪ್ಪು. ಮನುಷ್ಯರನ್ನು ಯಾರೂ ಕತ್ತಲೆ ಅನ್ನುವುದಿಲ್ಲ. ಮಗುವಿಗೆ ಮೊದಲು ಇದನ್ನೇ ಹೇಳಿ.

ಕುಂಬಳೆ, ಲಂಡನ್
ಇಲ್ಲಿ ನಾಟಕ ಇಲ್ಲದ ದಿನ ಥಿಯೇಟರ್ 'ಡಾರ್ಕ್' ಅಂತಾರೆ. ನಾವು ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು. ನಮ್ಮಲ್ಲಿ ಕತ್ತಲಾದ ಮೇಲೇ ಆಟ ಶುರು! ವೇಷ ಕಟ್ಟುವ ಚೌಕಿಯ ಹತ್ತಿರ ನಿದ್ದೆ ತೂಗುತ್ತಾ ಕೂತಿದ್ದು ಈಗಲೂ ನೆನಪಿದೆ. ನನ್ನ ಮಗ ಹತ್ತು ನಿಮಿಷದ ವಿಡಿಯೊ ಕೂಡ ನೋಡುವುದಿಲ್ಲ.

ಬದಿಯಡ್ಕ, ನ್ಯೂಜೆರ್ಸಿ
ಎಲ್ಲರೂ ಕೇಳಿ. 1956ರಲ್ಲಿ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ಏನಾಯ್ತು? ಏನೂ ಇಲ್ಲ. ಸುತ್ತ ಮಲಯಾಳ ಇದ್ದರೂ ನಾವು ಕನ್ನಡ ಮೀಡಿಯಂನಲ್ಲೇ ಓದಿದೆವು. ಕನ್ನಡ ಬಿಟ್ಟೆವಾ? ಇಲ್ಲಿ ನಿಮಗೆ ತಡೆಯುವವರು ಯಾರೂ ಇಲ್ಲ, ಆದರೂ ಮಕ್ಕಳಿಗೆ ಅಆಇಈ ಬರಲ್ಲ. ಡಾರ್ಕ್ ಹಾರ್ಸ್ ಚಿಂತೆ ಬೇರೆ!

ಪೆರ್ಲ, ದುಬೈ
ಸತ್ಯ ಅಣ್ಣ. ನಿಮ್ಮ ಮಕ್ಕಳು ಕನ್ನಡ ಓದುತ್ತಾರಾ?

ಬದಿಯಡ್ಕ, ನ್ಯೂಜೆರ್ಸಿ
ಅದು ಬೇರೆ ವಿಷಯ.

ಉಪ್ಪಳ, ಸಿಂಗಾಪುರ
ಊರಿನ ಕನ್ನಡ ಶಾಲೆಗಳಿಗೇ ಮಕ್ಕಳು ಸಿಗ್ತಿಲ್ಲ. ಮೊದಲು ಅದರ ಬಗ್ಗೆ ಮಾತಾಡೋಣ.

(ಇಲ್ಲಿಂದ ನಲವತ್ತು ಮೆಸೇಜು ಶಾಲೆ, ಗಡಿ, ಯಾರ ಅಜ್ಜ ಚಳವಳಿಯಲ್ಲಿದ್ದರು ಅನ್ನುವುದರ ಮೇಲೇ.)

ಮಂಜೇಶ್ವರ, ಬೋಸ್ಟನ್
ನಾನು ಭೌತಶಾಸ್ತ್ರದವನು. ವಿಶ್ವದಲ್ಲಿರುವ ಡಾರ್ಕ್ ಮ್ಯಾಟರ್ ಅನ್ನುವ ದ್ರವ್ಯ ಕಪ್ಪಗಿರುವುದಿಲ್ಲ. ಅದು ಬೆಳಕನ್ನು ಹೀರುವುದೂ ಇಲ್ಲ, ಬೀರುವುದೂ ಇಲ್ಲ. ಕಾಣುವುದಿಲ್ಲ, ಅಷ್ಟೇ. ವಿಶ್ವದ ಸುಮಾರು 27 ಶೇಕಡಾ ಅದೇ. ಮಗುವಿಗೆ ಇದನ್ನೂ ಹೇಳಬಹುದು.

ಮಧೂರು ಕಡೆಯವಳು, ಹೂಸ್ಟನ್
ತಡವಾಗಿ ನೋಡಿದೆ ತಂಗಿ. ನನ್ನ ಮಗಳು ಚಿಕ್ಕವಳಿದ್ದಾಗ ಮನೆಯ ಹಿರಿಯರೊಬ್ಬರು ದಿನಾ 'ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀ' ಅನ್ನುತ್ತಿದ್ದರು. ಒಳ್ಳೆ ಕನ್ನಡದಲ್ಲೇ. ನಾನು ಬಾಯಿ ಬಿಡಲಿಲ್ಲ. ಈಗ ಅವಳಿಗೆ ಮೂವತ್ತೊಂದು. ಫೋಟೊ ತೆಗೆಯುವಾಗ ಇವತ್ತಿಗೂ ಹಿಂದೆ ಹೋಗಿ ನಿಲ್ಲುತ್ತಾಳೆ. ಪದ ಆಮೇಲೆ ಹುಡುಕು. ಕ್ಲಾಸಿನಲ್ಲಿ ಅಂದದ್ದು ಯಾರು, ಯಾಕೆ ಅಂತ ನಾಳೆಯೇ ಟೀಚರನ್ನು ಕೇಳು.

ನೀರ್ಚಾಲಿನವಳು
ಕೇಳ್ತೇನೆ ಅಕ್ಕ. ಹೋಂವರ್ಕ್ ಕೊಡುವುದೂ ನಾಳೆಯೇ. ಡಾರ್ಕ್ ಹಾರ್ಸ್‌ಗೆ ಯಾರೂ ಏನೂ ಹೇಳಲೇ ಇಲ್ಲ. ಎಲೆಮರೆಕಾಯಿ ಅನ್ನಬಹುದಾ?

ಮುಳ್ಳೇರಿಯದ ಟೀಚರ್
ಪೂರ್ತಿ ಹೊಂದುವುದಿಲ್ಲ. ಯಾರೂ ಲೆಕ್ಕಕ್ಕಿಡದ ಆ ಕುದುರೆ ಕೊನೆಗೆ ಗೆದ್ದು ಎಲ್ಲರ ಬಾಯಿ ಮುಚ್ಚಿಸುತ್ತದೆ. ಎಲೆಮರೆಕಾಯಿ ಎಲೆಯ ಹಿಂದೆಯೇ ಇರುತ್ತದೆ.

ನೀರ್ಚಾಲಿನವಳು
ಅದನ್ನೇ ಬರೆಸಿದೆ ಟೀಚರ್. ಅಲ್ಲಿ ಕನ್ನಡ ಓದುವವರು ಯಾರಿದ್ದಾರೆ!